ದಿನಕ್ಕೆ ಎರಡಾಣೆ



ಜ್ಞಾನೋಕ್ತಿ 13ನೇ ಅಧ್ಯಾಯ, 11ನೇ ವಚನ ತೆಗೆಯಿರಿ. ದಿಢೀರಂತ ಬಂದ ಹಣ ಕರಗಿ ಹೋಗುತ್ತದೆ, ಸ್ವಲ್ಪ ಸ್ವಲ್ಪ ಕೂಡಿಸಿದ್ದು ಬೆಳೆಯುತ್ತದೆ, ಇದೇ ಅದರ ತಾತ್ಪರ್ಯ.

ಆಲಂಕಾರಿನ ಮನೆಗಳಿಗೆ ಪ್ರಾರ್ಥನೆಗೆ ಹೋದಾಗ ನಾನು ಒಂದು ಮಾತು ತುಂಬಾ ಕೇಳಿದ್ದೇನೆ. ನಮ್ಮ ಹತ್ತಿರ ಉಳಿಸಲಿಕ್ಕೆ ಏನುಂಟು ಪಾಸ್ಟರೇ, ಅಂತ. ಜೂನ್‌ನಲ್ಲಿ ಮಳೆ ಹಿಡಿದರೆ ರಬ್ಬರ್ ಟ್ಯಾಪಿಂಗ್ ಇಲ್ಲ. ಅದೇ ತಿಂಗಳು ಮಕ್ಕಳ ಶಾಲೆ ಶುರು. ಆಗ ಸಾಲ. ಸಾಲ ಬಂದ ಮನೆಯಲ್ಲಿ ನಿದ್ದೆ ಇಲ್ಲ, ಗಂಡ ಹೆಂಡತಿ ಮಧ್ಯೆ ಮಾತಿಲ್ಲ.

ಇದಕ್ಕೆ ಉತ್ತರವಾಗಿ ನಮ್ಮದೇ ಕರಾವಳಿಯ ಡಾಕ್ಟರ್ ಟಿ.ಎಂ.ಎ. ಪೈಯವರ ಜೀವನ ಹೇಳುತ್ತೇನೆ. ಅವರು ನಮ್ಮ ಸಭೆಯವರಲ್ಲ. ಆದರೆ ಇರುವೆಯನ್ನು ನೋಡಿ ಕಲಿ ಅನ್ನುತ್ತದೆ ವಾಕ್ಯ. ಇರುವೆಯಿಂದ ಕಲಿಯಬಹುದಾದರೆ ಒಬ್ಬ ಡಾಕ್ಟರರಿಂದ ಕಲಿಯಬಾರದಾ?

ಪೈಯವರು 1898ರಲ್ಲಿ ಹುಟ್ಟಿದರು. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಉಡುಪಿಗೆ ಬಂದರು. ಆಗ ನೇಕಾರರು ಕಷ್ಟದಲ್ಲಿದ್ದರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್.

ಆದರೆ ಬಡವ ಬ್ಯಾಂಕಿನ ಮೆಟ್ಟಿಲು ಹತ್ತಬೇಕಲ್ಲ! ಓದು ಬರುವುದಿಲ್ಲ, ಕೈಯಲ್ಲಿರುವುದು ಚಿಲ್ಲರೆ, ಒಳಗೆ ಹೋಗಲು ಸಂಕೋಚ. ಅದಕ್ಕೆ 1928ರಲ್ಲಿ ಬ್ಯಾಂಕೇ ಮನೆ ಬಾಗಿಲಿಗೆ ಬಂತು. ಏಜೆಂಟರು ದಿನವೂ ಬಂದು ಎರಡಾಣೆಯಾದರೂ ತೆಗೆದುಕೊಂಡು ಹೋಗುತ್ತಿದ್ದರು. ಅದೇ ಪಿಗ್ಮಿ. ಇವತ್ತಿಗೂ ನಮ್ಮ ಪೇಟೆಗಳಲ್ಲಿ ಅಂಗಡಿ ಅಂಗಡಿಗೆ ಬರುವ ಪಿಗ್ಮಿ!

ಲೆಕ್ಕ ನೋಡಿ. ದಿನಕ್ಕೆ ಎರಡಾಣೆ ಅಂದರೆ ಎಂಟು ದಿನಕ್ಕೆ ಒಂದು ರೂಪಾಯಿ. ವರ್ಷಕ್ಕೆ 45 ರೂಪಾಯಿ 10 ಆಣೆ. ಆ ಕಾಲದಲ್ಲಿ ಅದು ಸಣ್ಣ ಮೊತ್ತವಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದುಂಟು. ನನ್ನಿಂದಲೂ ಆಗುತ್ತದೆ ಎಂಬ ಧೈರ್ಯ. ಧೈರ್ಯ ಬಂದ ಮೇಲೆ ಉಳಿಸುವುದಲ್ಲ ಪ್ರಿಯರೇ, ಉಳಿಸುತ್ತಾ ಉಳಿಸುತ್ತಾ ಧೈರ್ಯ ಬರುತ್ತದೆ.

ಪೈಯವರು ಅಷ್ಟಕ್ಕೇ ನಿಲ್ಲಲಿಲ್ಲ. 1953ರಲ್ಲಿ ಮಣಿಪಾಲದ ಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. 1979ರಲ್ಲಿ ತೀರಿಹೋದರು. ಪಿಗ್ಮಿ ಎಂಬ ಶಬ್ದ ಮಾತ್ರ ನಮ್ಮ ಮನೆಮಾತಾಗಿ ಉಳಿಯಿತು.

ಈಗ ನಮ್ಮ ಮಾತು. ದಿನಕ್ಕೆ 20 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 7,300. ಜೂನ್ ತಿಂಗಳಿಗೆ ಅದೊಂದು ಕೊಡೆ. ಹಣವನ್ನು ನಂಬಿ ಬದುಕಿ ಅಂತ ನಾನು ಹೇಳುವುದಿಲ್ಲ. ಸಂತೋಷ ಕೊಡುವವನು ಕರ್ತನೇ. ಆದರೆ ಆತ ಕೊಟ್ಟದ್ದನ್ನು ಕಾಯುವುದು ನಮ್ಮ ಕೆಲಸ. ಇವತ್ತು ಮನೆಗೆ ಹೋಗಿ ಗಂಡ ಹೆಂಡತಿ ಒಟ್ಟಿಗೆ ಕೂತು ಮಾತಾಡಿ. ನಾಳೆಯಿಂದ ಎಷ್ಟು ಆಗುತ್ತದೋ ಅಷ್ಟು, ಹತ್ತು ರೂಪಾಯಿಯಾದರೂ ಸರಿ. ದಿನ ತಪ್ಪಿಸಬೇಡಿ.

ಕರ್ತನು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ. ಆಮೆನ್.