ಎರಡಾಣೆಯ ಠೇವಣಿ: ಡಾ. ಟಿ.ಎಂ.ಎ. ಪೈ

ತೋನ್ಸೆ ಮಾಧವ ಅನಂತ ಪೈ ಅವರು ವೃತ್ತಿಯಿಂದ ವೈದ್ಯರು. 1898ರಲ್ಲಿ ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದ ಅವರು ವೈದ್ಯಕೀಯ ಪದವಿ ಪಡೆದು ತಮ್ಮ ಸೀಮೆಯಲ್ಲೇ ನೆಲೆಸಿದರು. ಆಗ ಅಲ್ಲಿಯ ಕೈಮಗ್ಗದ ಉದ್ಯಮ ಸಂಕಟದಲ್ಲಿತ್ತು. ನೂಲು ಕೊಳ್ಳಲು ನೇಕಾರನಿಗೆ ಸಾಲ ಬೇಕು. ಬಟ್ಟೆ ಮಾರಾಟವಾಗದೆ ಆ ಸಾಲ ತೀರದು. ಮಗ್ಗಗಳ ಊರಾದ ಸೊಲ್ಲಾಪುರದ ವಿದ್ಯಾರ್ಥಿಗಳಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1925ರಲ್ಲಿ ಮಾಧವ ಪೈ, ವ್ಯಾಪಾರಿಯಾಗಿದ್ದ ಅವರ ಅಣ್ಣ ಉಪೇಂದ್ರ ಅನಂತ ಪೈ ಹಾಗೂ ಎಂಜಿನಿಯರ್ ವಾಮನ ಕುಡ್ವ ಕೂಡಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಬಂಡವಾಳ 8,000 ರೂಪಾಯಿ.

ಷೇರು ಕೊಂಡವರಿಗೆ ಲಾಭಾಂಶ ಬರಬೇಕು, ನೇಕಾರನಿಗೆ ಬಡ್ಡಿ ಹೊರೆಯಾಗಬಾರದು, ಠೇವಣಿ ಇಟ್ಟವನಿಗೆ ಕೇಳಿದಾಗ ಹಣ ದೊರೆಯಬೇಕು. ಈ ಮೂರೂ ಒಂದನ್ನೊಂದು ಜಗ್ಗುವಂಥವು. ಠೇವಣಿ ಬೆಳೆಯದ ಹೊರತು ದಾರಿಯಿರಲಿಲ್ಲ. 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಬ್ಯಾಂಕಿನ ಸಂಗ್ರಾಹಕ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಸ್ವೀಕರಿಸುತ್ತಿದ್ದ. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ! ಸಂಗ್ರಾಹಕನ ಕಮಿಷನ್, ಲೆಕ್ಕ ಬರೆಯುವ ಶ್ರಮ ಇವನ್ನೆಲ್ಲ ನೋಡಿದರೆ ಇದು ನಷ್ಟದ ವ್ಯವಹಾರವೆಂದೇ ತೋರುತ್ತದೆ. ಆದರೆ ಒಬ್ಬ ಧನಿಕನ ದೊಡ್ಡ ಠೇವಣಿ ಒಂದೇ ದಿನ ಹೊರಟುಹೋಗಬಹುದು. ಸಾಮಾನ್ಯ ಕಾಲದಲ್ಲಿ ಸಾವಿರ ಮನೆಗಳ ಎರಡಾಣೆಗಳು ಒಟ್ಟಿಗೆ ಹೊರಡುವುದಿಲ್ಲ. ಹಾಗೆ ನಿಲ್ಲುವ ಹಣವೇ ಸಾಲವಾಗಿ, ಬಡ್ಡಿ ತಂದು, ಷೇರುದಾರನ ಲಾಭಾಂಶಕ್ಕೂ ಆಧಾರವಾಗುತ್ತದೆ. ಪೈ ಅವರ ಶಿಕ್ಷಣಸೇವೆಯನ್ನು ಹೊಗಳುವವರು ಬಹಳ. ನನ್ನ ದೃಷ್ಟಿಯಲ್ಲಿ ಈ ಲೆಕ್ಕಾಚಾರವೇ ಅವರ ಹೆಚ್ಚಿನ ಸಾಧನೆ. ಇಂದು ಮರಾಠಿಗರ ಬಾಯಲ್ಲೂ ದಿನಗೂಡಿಕೆಯ ಉಳಿತಾಯಕ್ಕೆ 'ಪಿಗ್ಮಿ' ಎಂಬುದೇ ಹೆಸರು.

ಮುಂದೆ ಮಣಿಪಾಲದ ಬೋಳುಗುಡ್ಡ ವಿದ್ಯಾಕೇಂದ್ರವಾಯಿತು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಸ್ಥಾಪನೆಗೊಂಡವು. ಸಿಂಡಿಕೇಟ್ ಬ್ಯಾಂಕ್ ಎಂಬ ಹೊಸ ಹೆಸರು ಪಡೆದಿದ್ದ ಸಂಸ್ಥೆ 1969ರ ಜುಲೈ 19ರಂದು ರಾಷ್ಟ್ರೀಕೃತವಾಯಿತು. ಷೇರುದಾರರಿಗೆ ಪರಿಹಾರ ಸಂದಿತು, ಒಡೆತನ ಸರಕಾರಕ್ಕೆ ಸೇರಿತು. ಪಿಗ್ಮಿ ಮಾತ್ರ ನಿಲ್ಲಲಿಲ್ಲ. ಪೈ ಅವರು 1979ರಲ್ಲಿ ತೀರಿಕೊಂಡರು.

ಈ ಏರ್ಪಾಡಿನಲ್ಲಿ ಅತಿ ತೆಳುವಾದ ಪಾಲು ಬಿಸಿಲುಮಳೆಯೆನ್ನದೆ ಬೀದಿ ಸುತ್ತಿದ ಸಂಗ್ರಾಹಕನದು. ಕಮಿಷನ್ ಪಡೆದು ದುಡಿಯುವ ಈ ಸಂಗ್ರಾಹಕರೂ ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2001ರಲ್ಲಿ.