ಅಲನ್ ಆಕ್ಟೇವಿಯನ್ ಹ್ಯೂಮ್

ಅಲನ್ ಆಕ್ಟೇವಿಯನ್ ಹ್ಯೂಮ್ (1829 – 31 ಜುಲೈ 1912) ಬ್ರಿಟಿಷ್ ಭಾರತದ ಆಡಳಿತಾಧಿಕಾರಿ, ಪಕ್ಷಿವಿಜ್ಞಾನಿ ಹಾಗೂ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರು. ಶಾಲಾ ಪಠ್ಯಪುಸ್ತಕಗಳಲ್ಲಿ ಇವರ ಹೆಸರು 1885ರ ಕಾಂಗ್ರೆಸ್ ಸ್ಥಾಪನೆಯ ಪ್ರಸಂಗದಲ್ಲಿ ಒಮ್ಮೆ ಬಂದು ಮರೆಯಾಗುತ್ತದೆ. ಭಾರತದ ಪಕ್ಷಿಗಳನ್ನು, ಅದರಲ್ಲೂ ಕಾಡುಬಾತುಗಳನ್ನು, ಪುಕ್ಕ ಮತ್ತು ನಡವಳಿಕೆಗಳಿಂದ ಗುರುತಿಸುವ ವಿದ್ಯೆಗೆ ಇವರು ಸಲ್ಲಿಸಿದ ಸೇವೆ ಅಷ್ಟಾಗಿ ಪರಿಚಿತವಲ್ಲ.

ಆರಂಭಿಕ ಜೀವನ

ತಂದೆ ಜೋಸೆಫ್ ಹ್ಯೂಮ್ ಬ್ರಿಟಿಷ್ ಸಂಸತ್ತಿನ ಸುಧಾರಣಾವಾದಿ ಸದಸ್ಯರು. ಹೇಲಿಬರಿಯಲ್ಲಿ ಶಿಕ್ಷಣ ಪಡೆದು, ವೈದ್ಯಶಾಸ್ತ್ರವನ್ನೂ ಅಭ್ಯಸಿಸಿ, ಹ್ಯೂಮ್ 1849ರಲ್ಲಿ ಭಾರತಕ್ಕೆ ಬಂದರು. ಇಟಾವಾ ಜಿಲ್ಲೆಯಲ್ಲಿ ಉಚಿತ ಶಾಲೆಗಳನ್ನು ತೆರೆದರು. 1857ರ ದಂಗೆಯಲ್ಲಿ ಅವರ ಮೊದಲ ಪಕ್ಷಿಸಂಗ್ರಹ ನಾಶವಾಯಿತು. ಅವರು ಮತ್ತೆ ಮೊದಲಿನಿಂದ ಸಂಗ್ರಹಿಸತೊಡಗಿದರು. 1871ರಲ್ಲಿ ಕಂದಾಯ, ಕೃಷಿ ಮತ್ತು ವಾಣಿಜ್ಯ ಇಲಾಖೆಯ ಕಾರ್ಯದರ್ಶಿಯಾದರು. 1879ರಲ್ಲಿ ಆ ಹುದ್ದೆಯಿಂದ ಅವರನ್ನು ತೆಗೆಯಲಾಯಿತು, 1882ರಲ್ಲಿ ನಿವೃತ್ತರಾದರು.

ಬಾತುಗಳ ಅಧ್ಯಯನ

1872ರಿಂದ ಹ್ಯೂಮ್ 'ಸ್ಟ್ರೇ ಫೆದರ್ಸ್' ಎಂಬ ಪಕ್ಷಿವಿಜ್ಞಾನ ಪತ್ರಿಕೆಯನ್ನು ಹೊರತಂದರು. ಸಿ. ಎಚ್. ಟಿ. ಮಾರ್ಷಲ್ ಅವರೊಂದಿಗೆ ಬೇಟೆಪಕ್ಷಿಗಳ ಕುರಿತು ರಚಿಸಿದ ಮೂರು ಸಂಪುಟಗಳ ಗ್ರಂಥ 1879ರಿಂದ 1881ರ ಅವಧಿಯಲ್ಲಿ ಪ್ರಕಟವಾಯಿತು. ಬಾತುಗಳ ವಿವರ ಮೂರನೆಯ ಸಂಪುಟದಲ್ಲಿದೆ. ದೇಶದ ನಾನಾ ಭಾಗಗಳ ಪತ್ರವ್ಯವಹಾರಿಗಳು ಕಳುಹಿಸಿದ ಟಿಪ್ಪಣಿಗಳೇ ಈ ಗ್ರಂಥದ ಬಲ.

ಬಾತುಗಳನ್ನು ಗುರುತಿಸುವುದು ತೋರುವಷ್ಟು ಸುಲಭವಲ್ಲ. ಸಂತಾನಕಾಲದಲ್ಲಿ ಬಣ್ಣಬಣ್ಣವಾಗಿ ಕಾಣುವ ಅನೇಕ ಜಾತಿಗಳ ಗಂಡು, ಅನಂತರ ಗರಿ ಉದುರಿಸಿ ಹೆಣ್ಣಿನಂತೆಯೇ ಕಂದುಬಣ್ಣ ತಾಳುತ್ತದೆ. ಆಗ ರೆಕ್ಕೆಯ ಮೇಲಿನ ಹೊಳೆಯುವ ಪಟ್ಟಿ, ಕೊಕ್ಕಿನ ಆಕಾರ, ಮೇಯುವ ಹೊತ್ತು ಮತ್ತು ತಾಣಗಳೇ ಆಧಾರ. ಇನ್ನೊಂದು ತೊಡಕೂ ಉಂಟು. ಪಕ್ಷಿಯ ಚರ್ಮವನ್ನು ಸುಲಿದು ಕಾಪಿಟ್ಟಾಗ ಪುಕ್ಕದ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ. ಕಣ್ಣು, ಕೊಕ್ಕು, ಕಾಲುಗಳ ಬಣ್ಣ ಮಾಸಿಹೋಗುತ್ತದೆ. ಆದಕಾರಣ ಹ್ಯೂಮ್ ಈ ಬಣ್ಣಗಳ ಟಿಪ್ಪಣಿಗಳನ್ನು ಚಿತ್ರಕಾರರಿಗೆ ಪ್ರತ್ಯೇಕವಾಗಿ ಕಳುಹಿಸುತ್ತಿದ್ದರು. ಹೀಗಿದ್ದರೂ ಲಂಡನ್ನಿನಲ್ಲಿ ಮುದ್ರಿತವಾದ ಹಲವು ಚಿತ್ರಗಳು ಅವರಿಗೆ ತೃಪ್ತಿ ತರಲಿಲ್ಲ. ತಮ್ಮದೇ ಗ್ರಂಥದ ಚಿತ್ರಗಳ ದೋಷಗಳನ್ನು ಗ್ರಂಥದೊಳಗೇ ತಿದ್ದಿ ಬರೆದ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

1873ರಲ್ಲಿ ಅವರು ವೈಜ್ಞಾನಿಕವಾಗಿ ವರ್ಣಿಸಿದ ಅಂಡಮಾನ್ ಬಾತು ಒಳ್ಳೆಯ ನಿದರ್ಶನ. ಇದು ಕಂದುಬಣ್ಣದ ಚಿಕ್ಕ ಬಾತು. ಗಂಡು ಹೆಣ್ಣುಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಕಣ್ಣಿನ ಸುತ್ತ ಬಿಳಿಯ ಉಂಗುರ, ಬಿಳಿಯ ಗಂಟಲು, ನೀಲಿ ಛಾಯೆಯ ಬೂದು ಕೊಕ್ಕು ಇದರ ಲಕ್ಷಣಗಳು. ಹ್ಯೂಮ್ ಇಟ್ಟ 'ಆಲ್ಬೊಗುಲಾರಿಸ್' ಎಂಬ ಹೆಸರಿಗೆ ಬಿಳಿಗಂಟಲಿನದು ಎಂದೇ ಅರ್ಥ. ಹಗಲು ಜೌಗು ಪ್ರದೇಶಗಳಲ್ಲಿ ತಂಗಿ, ರಾತ್ರಿ ಗದ್ದೆಗಳಲ್ಲಿ ಮೇಯುವ ಈ ಹಕ್ಕಿ ಮರದ ಪೊಟರೆಯಲ್ಲಿ ಗೂಡುಮಾಡುತ್ತದೆ. ಆಗ್ನೇಯ ಏಷ್ಯಾದ ಬೂದುಬಾತಿನ ಉಪಜಾತಿಯೆಂದು ಬಹುಕಾಲ ಪರಿಗಣಿತವಾಗಿದ್ದ ಇದನ್ನು ಈಗ ಮತ್ತೆ ಸ್ವತಂತ್ರ ಜಾತಿಯೆಂದು ಒಪ್ಪಲಾಗಿದೆ.

ಹಸ್ತಪ್ರತಿಗಳ ನಷ್ಟ

ಭಾರತದ ಸಮಸ್ತ ಪಕ್ಷಿಗಳ ಕುರಿತು ಬೃಹದ್ಗ್ರಂಥವೊಂದನ್ನು ಬರೆಯಬೇಕೆಂಬುದು ಹ್ಯೂಮ್ ಅವರ ಜೀವಮಾನದ ಸಂಕಲ್ಪವಾಗಿತ್ತು. 1880ರ ದಶಕದ ಮೊದಲ ಭಾಗದಲ್ಲಿ ಅವರು ಸಿಮ್ಲಾದ ಮನೆಯಾದ ರಾತ್ನಿ ಕ್ಯಾಸಲ್‌ನಿಂದ ಹೊರಗಿದ್ದಾಗ, ಸೇವಕನೊಬ್ಬ ಹಸ್ತಪ್ರತಿಗಳ ರಾಶಿಯನ್ನು ಕದ್ದು ಬಜಾರಿನಲ್ಲಿ ರದ್ದಿ ಕಾಗದವೆಂದು ಮಾರಿಬಿಟ್ಟನು. ವರ್ಷಗಟ್ಟಲೆ ಕೂಡಿಟ್ಟ ವಿವರಗಳು ಪೊಟ್ಟಣದ ಕಾಗದವಾದವು. ಬಾತುಗಳ ಸಂಪುಟ ಅಷ್ಟರೊಳಗೆ ಅಚ್ಚಾಗಿದ್ದುದರಿಂದ ಉಳಿಯಿತು. ಉಳಿದ ಗ್ರಂಥವನ್ನು ಪುನಃ ಬರೆಯುವ ಉತ್ಸಾಹ ಅವರಲ್ಲಿ ಮೂಡಲಿಲ್ಲ.

1885ರಲ್ಲಿ ಅವರು ಹಕ್ಕಿಗಳ ಚರ್ಮ, ಗೂಡು, ಮೊಟ್ಟೆಗಳೆಲ್ಲ ಸೇರಿ ಸುಮಾರು 82,000 ಮಾದರಿಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ದಾನಮಾಡಿದರು. ಅವನ್ನು ಒಯ್ಯಲು ಬೌಡ್ಲರ್ ಶಾರ್ಪ್ ಎಂಬ ಪಕ್ಷಿವಿಜ್ಞಾನಿ ಸಿಮ್ಲಾಕ್ಕೇ ಬಂದಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಜರುಗಿತು.

ಕೊನೆಯ ವರ್ಷಗಳು

ಥಿಯಾಸಫಿಯ ಪ್ರಭಾವದಿಂದ ಸಸ್ಯಾಹಾರಿಯಾದ ಹ್ಯೂಮ್ ಬೇಟೆಯನ್ನು ತ್ಯಜಿಸಿದರು. 1894ರಲ್ಲಿ ಇಂಗ್ಲೆಂಡಿಗೆ ಮರಳಿ, ಸಸ್ಯಶಾಸ್ತ್ರದತ್ತ ಹೊರಳಿ, 1910ರಲ್ಲಿ ಸೌತ್ ಲಂಡನ್ ಬಟಾನಿಕಲ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಅವರ ಪಕ್ಷಿಸಂಗ್ರಹ ಈಗ ಇಂಗ್ಲೆಂಡಿನ ಟ್ರಿಂಗ್‌ನಲ್ಲಿದೆ.