ಚಂದ್ರನ ದೂರವನ್ನು ತಿದ್ದಿದ ಮಸೀದಿಯ ಸಮಯಪಾಲಕ

ನೀವು ಹುಣ್ಣಿಮೆಯ ಚಂದ್ರನನ್ನೂ ನೋಡಿದ್ದೀರಿ, ಅರ್ಧಚಂದ್ರನನ್ನೂ ನೋಡಿದ್ದೀರಿ. ಅರ್ಧಚಂದ್ರನಲ್ಲಿ ಬೆಳಗುವ ಭಾಗ ಮಾತ್ರ ಕಡಿಮೆ. ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ಅಳತೆಯಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಇರದು. ಇದು ಮಕ್ಕಳ ಕಣ್ಣಿಗೂ ಕಾಣುವ ಸತ್ಯ. ಆದರೆ ವಿದ್ವಾಂಸರು ಪ್ರಮಾಣವೆಂದು ನಂಬಿದ್ದ ಗ್ರಂಥದ ಲೆಕ್ಕ ಶತಮಾನಗಳ ಕಾಲ ಇದಕ್ಕೆ ವಿರುದ್ಧವಾಗಿತ್ತು. ಆ ಲೆಕ್ಕವನ್ನು ತಿದ್ದಿದವರಲ್ಲಿ ಪ್ರಮುಖರು ದಮಾಸ್ಕಸ್‌ನ ಇಬ್ನುಶ್ಶಾತಿರ್.

ಅವರು ಜನಿಸಿದ್ದು ಕ್ರಿ.ಶ. 1304ರ ಸುಮಾರಿಗೆ. ಆರನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಅನಾಥರಾದರು. ಅಜ್ಜ ಸಾಕಿದರು. ಬಂಧುವೊಬ್ಬರು ದಂತದ ಕುಸುರಿ ಕೆಲಸ ಕಲಿಸಿದರು. ಗಣಿತ ಮತ್ತು ಖಗೋಳ ವಿದ್ಯೆಯ ಹಂಬಲ ಅವರನ್ನು ಕೈರೋ, ಅಲೆಗ್ಸಾಂಡ್ರಿಯಾಗಳಿಗೆ ಕರೆದೊಯ್ದಿತು. ಮರಳಿ ಬಂದ ಮೇಲೆ ಅವರು ದಮಾಸ್ಕಸ್‌ನ ಉಮಯ್ಯಾ ಜಾಮಿಅ ಮಸೀದಿಯಲ್ಲಿ ಮುವಕ್ಕಿತ್ ಆದರು. ಸೂರ್ಯನ ಚಲನೆಯನ್ನು ಲೆಕ್ಕ ಹಾಕಿ ಐದು ಹೊತ್ತಿನ ನಮಾಝಿನ ಸಮಯವನ್ನು ನಿರ್ಣಯಿಸುವುದೇ ಮುವಕ್ಕಿತರ ಹೊಣೆ. ನಗರವೊಂದರ ಆರಾಧನೆ ತನ್ನ ಲೆಕ್ಕವನ್ನು ನಂಬಿದೆ ಎಂದು ತಿಳಿದವನಿಗೆ ಉಡಾಫೆ ಸಲ್ಲದು.

ಈಗ ಚಂದ್ರನ ವಿಷಯಕ್ಕೆ ಬರೋಣ. ಕ್ರಿ.ಶ. ಎರಡನೆಯ ಶತಮಾನದ ಟಾಲೆಮಿ ಮಹಾ ವಿದ್ವಾಂಸ. ಚಂದ್ರನು ಆಕಾಶದ ಯಾವ ದಿಕ್ಕಿನಲ್ಲಿ ಕಾಣುವನೆಂದು ಅವನ ಲೆಕ್ಕ ಚೆನ್ನಾಗಿಯೇ ಹೇಳುತ್ತಿತ್ತು. ದೂರದ ವಿಷಯದಲ್ಲಿ ಮಾತ್ರ ಅದು ಎಡವಿತ್ತು. ಭೂಮಿಯ ಕೇಂದ್ರದಿಂದ ಮೇಲ್ಮೈಗಿರುವ ದೂರವನ್ನು ಒಂದು ಅಳತೆಯೆಂದು ಇಟ್ಟುಕೊಳ್ಳಿ. ಟಾಲೆಮಿಯ ಪ್ರಕಾರ ಚಂದ್ರನು ದೂರ ಹೋದಾಗ ಅಂತಹ 64 ಅಳತೆಗಳಷ್ಟು ದೂರ. ಅರ್ಧಚಂದ್ರನ ಹೊತ್ತಿಗೆ ಹತ್ತಿರ ಬಂದಾಗ ಬರೇ 33. ಅದು ನಿಜವಾಗಿದ್ದರೆ ಆಗ ಚಂದ್ರನ ಅಗಲ ನಮ್ಮ ಕಣ್ಣಿಗೆ ಸುಮಾರು ಎರಡು ಪಟ್ಟಾಗಿ ಕಾಣಬೇಕಿತ್ತು!

ಇಬ್ನುಶ್ಶಾತಿರ್ ಗ್ರಂಥವನ್ನು ಗೌರವಿಸಿದರು, ಆದರೆ ಕಣ್ಣು ಮುಚ್ಚಿಕೊಳ್ಳಲಿಲ್ಲ. ಚಂದ್ರನನ್ನು ಭೂಮಿಯತ್ತ ಅಷ್ಟೊಂದು ಎಳೆದು ತರುತ್ತಿದ್ದ ಏರ್ಪಾಟನ್ನು ಕೈಬಿಟ್ಟು, ಅದರ ಬದಲಿಗೆ ಇನ್ನೊಂದು ಚಿಕ್ಕ ವೃತ್ತವನ್ನು ಸೇರಿಸಿ ಲೆಕ್ಕವನ್ನು ಹೊಸದಾಗಿ ಕಟ್ಟಿದರು. ಅವರ ಲೆಕ್ಕದಲ್ಲಿ ದೂರವು 52ರಿಂದ 68ರ ಒಳಗೆ ನಿಂತಿತು. ದಿಕ್ಕೂ ತಪ್ಪಲಿಲ್ಲ. ಇಂದಿನ ಅಳತೆಯಂತೆ ಅದು ಸುಮಾರು 56ರಿಂದ 64. ಸರಾಸರಿ 3,84,400 ಕಿಲೋಮೀಟರ್. ಅವರ ಲೆಕ್ಕ ಪೂರ್ಣವಾಗಿರಲಿಲ್ಲ, ಆದರೆ ಸತ್ಯಕ್ಕೆ ಬಹಳ ಹತ್ತಿರವಾಗಿತ್ತು.

1371ರಲ್ಲಿ ಅವರು ಮಸೀದಿಯ ಮಿನಾರಕ್ಕಾಗಿ ಸುಮಾರು ಎರಡು ಮೀಟರ್ ಉದ್ದದ ಅಮೃತಶಿಲೆಯ ನೆರಳು ಗಡಿಯಾರವನ್ನು ರಚಿಸಿದರು. 1375ರ ಸುಮಾರಿಗೆ ನಿಧನರಾದರು. 1543ರಲ್ಲಿ ಯುರೋಪಿನಲ್ಲಿ ಪ್ರಕಟವಾದ ಕೋಪರ್ನಿಕಸನ ಗ್ರಂಥದಲ್ಲಿ ಚಂದ್ರನ ಚಲನೆಯ ಕ್ರಮವು ಇಬ್ನುಶ್ಶಾತಿರರದ್ದೇ ಆಗಿದೆ ಎಂಬುದನ್ನು 1950ರ ದಶಕದಲ್ಲಿ ಸಂಶೋಧಕರು ಗುರುತಿಸಿದರು. ಅದು ಅಲ್ಲಿಗೆ ತಲುಪಿದ ದಾರಿ ಇನ್ನೂ ಖಚಿತವಾಗಿಲ್ಲ. ಆದ್ದರಿಂದ ಅವನು ಕದ್ದನೆಂದು ಆರೋಪಿಸುವುದು ನ್ಯಾಯವಲ್ಲ. ನಮ್ಮವರ ಹಿರಿಮೆಯನ್ನು ಹೇಳುವಾಗಲೂ ತಕ್ಕಡಿ ಸಮವಾಗಿರಬೇಕಲ್ಲವೇ?

ಹಿರಿಯರ ಮಾತನ್ನು ಪರೀಕ್ಷಿಸುವುದು ಅವರಿಗೆ ಮಾಡುವ ಅಗೌರವವಲ್ಲ. ಕಂಡ ಸತ್ಯವನ್ನು ಮುಚ್ಚಿಡುವುದೇ ವಿದ್ಯೆಗೆ ಮಾಡುವ ದ್ರೋಹ. ಮುಂದಿನ ಬಾರಿ ಮಗ್ರಿಬ್ ನಮಾಝ್ ಮುಗಿಸಿ ಹೊರಬಂದಾಗ ಅರ್ಧಚಂದ್ರ ಕಂಡರೆ ಒಂದು ಕ್ಷಣ ನಿಲ್ಲಿ. ಎಲ್ಲರೂ ನೋಡುತ್ತಿದ್ದುದನ್ನು ಒಬ್ಬ ಅನಾಥ ಬಾಲಕ ಬೆಳೆದು ಗಮನವಿಟ್ಟು ನೋಡಿದ. ನಾವೂ ನಮ್ಮ ಸುತ್ತಲಿನದನ್ನು ಹಾಗೆ ನೋಡುತ್ತಿದ್ದೇವೆಯೇ?